ಮೊರಿರ್, ಮೂರು ಕಾಲದಲ್ಲಿ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಹೆಮ್ಮೆಯಿಂದ ಹೇಳುತ್ತಿಲ್ಲ, ಮೊದಲೇ ಹೇಳಿಬಿಟ್ಟರೆ ಮುಂದಿನದು ಅರ್ಥವಾದೀತು ಎಂದು ಹೇಳುತ್ತಿದ್ದೇನೆ. ಹೆಸರು ಮಾತ್ರ ಸೌಮ್ಯಾ. ಆ ಹೆಸರಿಟ್ಟ ನಮ್ಮಜ್ಜನಿಗೆ ಚೂರೂ ಮುಂದಾಲೋಚನೆ ಇರಲಿಲ್ಲ ಎಂದು ನನ್ನ ಗಂಡ ಹೇಳುತ್ತಿರುತ್ತಾನೆ. ಊರು ದಾವಣಗೆರೆ, ಕೆಲಸ ಎಲೆಕ್ಟ್ರಾನಿಕ್ ಸಿಟಿಯ ಒಂದು ಕಾಲ್ ಸೆಂಟರಿನಲ್ಲಿ ಸ್ಪ್ಯಾನಿಷ್ ಕಲಿಸುವುದು.

ನಮಗೆ ಫೋನ್ ಮಾಡುವವರು ಸ್ಪೇನ್ ದೇಶದವರು. ಜೀವವಿಮೆ ಮಾಡಿಸಿದವರು ತೀರಿಕೊಂಡಾಗ ಅವರ ಮನೆಯವರು ಕರೆ ಮಾಡುತ್ತಾರೆ. ಯಾರು, ಯಾವಾಗ, ಎಲ್ಲಿ ಎಂದು ಸಮಾಧಾನದಿಂದ ಕೇಳಿ ಬರೆದುಕೊಳ್ಳುವುದು ನಮ್ಮ ಹುಡುಗ ಹುಡುಗಿಯರ ಕೆಲಸ. ಹಾಗಾಗಿ ಬೇರೆ ಯಾವ ಕ್ರಿಯಾಪದ ಬಾರದಿದ್ದರೂ ‘ಮೊರಿರ್’ ಬರಲೇಬೇಕು. ಮೊರಿರ್ ಅಂದರೆ ಸಾಯುವುದು.

ನೆಟ್ಟಗೆ ನಡೆಯುವ ಪದವಲ್ಲ ಅದು. ‘ನಾನು ಸಾಯುತ್ತೇನೆ’ ಎಂದರೆ ಮುವೆರೊ, ‘ನಾವು ಸಾಯುತ್ತೇವೆ’ ಎಂದರೆ ಮೊರಿಮೊಸ್. ಭೂತಕಾಲಕ್ಕೆ ಬಂದರೆ ‘ನಾನು ಸತ್ತೆ’ ಎನ್ನುವುದು ಮೊರಿ, ಅಲ್ಲಿಯವರೆಗೆ ಸರಿ. ‘ಅವಳು ಸತ್ತಳು’ ಎನ್ನುವಾಗ ಇದ್ದಕ್ಕಿದ್ದಂತೆ ಮುರಿಯೊ ಆಗಿಬಿಡುತ್ತದೆ. ಭವಿಷ್ಯತ್ತಿನಲ್ಲಿ ಮತ್ತೆ ಸಾಧು: ಮೊರಿರೆ, ಮೊರಿರಾಸ್, ಮೊರಿರಾ. ಯಾಕೆ ಹೀಗೆ ಎಂದು ಕೇಳಬಾರದು, ಮಗ್ಗಿಯ ಹಾಗೆ ಬಾಯಿಪಾಠ ಮಾಡಬೇಕು.

ಅಲ್ಲೇ ಬಂದಿದ್ದು ತೊಂದರೆ. ‘ನಾನು ಸಾಯುತ್ತೇನೆ’ ಎಂದು ಸುಮ್ಮನೆ ಬಾಯಿ ಬಿಟ್ಟು ಹೇಳುವ ಜನವೇ ನಾವು? ಮೇಲೆ ಅಸ್ತು ದೇವತೆಗಳು ತಿರುಗುತ್ತಿರುತ್ತಾರೆ, ಅಂದಿದ್ದಕ್ಕೆಲ್ಲ ಅಸ್ತು ಅಂದುಬಿಡುತ್ತಾರೆ ಎಂದು ಕೇಳಿಕೊಂಡೇ ಬೆಳೆದವರು. ಕೆಟ್ಟ ಮಾತು ಬಂದರೆ ನಮ್ಮಮ್ಮ ಬಾಯಿಗೊಂದು ಏಟು ಹಾಕಿ, ಬಿಡ್ತು ಅನ್ನು ಎನ್ನುತ್ತಿದ್ದರು. ಹಾಗಂದರೆ ಆಡಿದ ಮಾತು ವಾಪಸ್ಸಾಯಿತು ಎಂದು ಲೆಕ್ಕ. ನನ್ನ ಬ್ಯಾಚಿನ ಹನ್ನೊಂದು ಜನವೂ ಇದೇ ಹಾಲು ಕುಡಿದವರು. ಮುವೆರೊ, ಬಿಡ್ತು. ಮುವೆರೆಸ್, ಬಿಡ್ತು. ಈರೇಶ್ ಎಂಬ ಹುಡುಗನಂತೂ ‘ಅವರು ಸಾಯುತ್ತಾರೆ’ ಎನ್ನುವಲ್ಲಿ ಮ್ಯಾನೇಜರನ್ನು ನೆನೆದು ಬಿಡ್ತು ಅನ್ನುವುದನ್ನು ಬೇಕೆಂದೇ ಮರೆಯುತ್ತಿದ್ದ.

ನಗುವ ವಿಷಯವಾಗಿದ್ದರೆ ನಾನೂ ನಗುತ್ತಿದ್ದೆ. ಕೊನೆಯ ಪರೀಕ್ಷೆಯನ್ನು ಮ್ಯಾಡ್ರಿಡ್‌ನಿಂದ ಒಬ್ಬ ಪರೀಕ್ಷಕಿ ವಿಡಿಯೋದಲ್ಲಿ ಮಾಡುತ್ತಾಳೆ. ಮಾತೃಭಾಷೆಯ ಪದ ಮೂರು ಸಲ ಬಾಯಿಗೆ ಬಂದರೆ ಪರೀಕ್ಷೆ ಅಲ್ಲಿಗೇ ಮುಗಿಯಿತು. ಇರುವುದೇ ಎರಡು ಅವಕಾಶ. ಮೊದಲ ಸಲ ದಾನೇಶ್ವರಿ ಸರಿಯಾಗಿ ಮೂರು ಬಿಡ್ತು ಅಂದು, ಎರಡು ನಿಮಿಷದಲ್ಲಿ ಹೊರಗೆ ಬಂದಿದ್ದಳು.

ದಾನೇಶ್ವರಿ ಹರಪನಹಳ್ಳಿ ಕಡೆಯವಳು. ವಯಸ್ಸು ಇಪ್ಪತ್ತಾರು. ಚಂದಾಪುರದಲ್ಲಿ ಮೂವರು ಗೆಳತಿಯರ ಜೊತೆ ಒಂದು ರೂಮು. ನಾಲ್ಕು ವರ್ಷ ಬೊಮ್ಮಸಂದ್ರದ ಫ್ಯಾಕ್ಟರಿಯಲ್ಲಿ ನಿಂತೇ ಪ್ಯಾಕಿಂಗ್ ಮಾಡಿ, ಕಾಲಿನ ನರ ಗಂಟು ಕಟ್ಟಿದ ಮೇಲೆ ಡಾಕ್ಟರು ಕೂತು ಮಾಡುವ ಕೆಲಸ ಹುಡುಕು ಎಂದಿದ್ದರು. ಮೊಬೈಲಿನಲ್ಲೇ ಸ್ಪ್ಯಾನಿಷ್ ಶುರು ಮಾಡಿ ನಮ್ಮಲ್ಲಿಯವರೆಗೆ ಬಂದಿದ್ದಳು. ಈ ಸಲವೂ ಫೇಲಾದರೆ ಮತ್ತೆ ಅದೇ ಫ್ಯಾಕ್ಟರಿ, ಅದೇ ನಿಲ್ಲುವುದು. ಬ್ಯಾಚಿನಲ್ಲಿ ಅವಳಷ್ಟು ಚುರುಕಾದವರು ಇನ್ನೊಬ್ಬರಿರಲಿಲ್ಲ, ಅದಕ್ಕೇ ನನಗೆ ಅವಳ ಮೇಲೆ ಸಿಟ್ಟೂ ಜಾಸ್ತಿ.

ಪರೀಕ್ಷೆ ಶುಕ್ರವಾರ ಇತ್ತು. ಸೋಮವಾರ ಈ ಮಹಾರಾಯ್ತಿ ಕ್ಲಾಸಿಗೇ ಬರಲಿಲ್ಲ. ಫೋನ್ ಮಾಡಿದರೆ ಸ್ವಿಚ್ ಆಫ್. ಮಂಗಳವಾರ ಬೆಳಿಗ್ಗೆ ಒಂದು ಚೀಲ ಹಿಡಿದುಕೊಂಡು, ತಲೆ ಸರಿಯಾಗಿ ಬಾಚದೆ, ಹತ್ತು ನಿಮಿಷ ತಡವಾಗಿ ಬಾಗಿಲಲ್ಲಿ ನಿಂತಳು. ನನಗೆ ಉರಿದುಹೋಯಿತು. ಯಾವ ಬೀಗರ ಮನೆಯಿಂದ ಬುತ್ತಿ ಕಟ್ಟಿಸಿಕೊಂಡು ಬಂದೆ ತಾಯಿ ಎಂದು ಎಲ್ಲರ ಮುಂದೆ ಕೇಳಿದೆ. ಹುಡುಗರು ನಕ್ಕರು. ಅವಳು ಏನೋ ಹೇಳಲು ಬಾಯಿ ತೆರೆದಳು. ನನಗೆ ನಿನ್ನ ಕಾರಣ ಬೇಡ, ಮೊರಿರ್ ಬೇಕು, ಮೂರು ಕಾಲದಲ್ಲೂ ಹತ್ತು ಸಲ ಹೇಳು, ಒಂದು ಬಿಡ್ತು ಬಂದರೂ ಮತ್ತೆ ಮೊದಲಿಂದ ಎಂದೆ.

ನಿಂತುಕೊಂಡೇ ಹೇಳಿದಳು. ಎರಡು ಸಲ ಬಿಡ್ತು ಬಂತು, ಎರಡು ಸಲವೂ ಮೊದಲಿಂದ ಹೇಳಿಸಿದೆ. ಆಮೇಲೆ ಒಂದೂ ಬರಲಿಲ್ಲ. ನೀರು ಹರಿದ ಹಾಗೆ ಹೇಳುತ್ತಾ ಹೋದಳು, ಮುಖದಲ್ಲಿ ಏನೂ ಇಲ್ಲ. ಮುಗಿದ ಮೇಲೆ ನಾನು ಕ್ಲಾಸಿಗೆಲ್ಲ ಕೇಳುವಂತೆ, ನೋಡಿ, ಬಿಡಿಸಿದರೆ ಎಂಥ ಚಟವೂ ಬಿಡುತ್ತದೆ ಎಂದು ಬೀಗಿದೆ.

ಶುಕ್ರವಾರ ಪರೀಕ್ಷೆಯ ಕೋಣೆಯಲ್ಲಿ ನಾನು ಕ್ಯಾಮೆರಾಕ್ಕೆ ಕಾಣದ ಮೂಲೆಯಲ್ಲಿ ಕೂತಿದ್ದೆ. ನಾನು ತುಟಿ ಬಿಚ್ಚುವಂತಿಲ್ಲ. ಪರೀಕ್ಷಕಿ ನಿರೀಕ್ಷೆಯಂತೆ ಮೊರಿರ್ ಕೇಳಿದಳು. ದಾನೇಶ್ವರಿ ವರ್ತಮಾನ ಹೇಳಿದಳು, ಭೂತ ಹೇಳಿದಳು, ಭವಿಷ್ಯತ್ತೂ ಹೇಳಿದಳು. ಒಂದೇ ಒಂದು ಬಿಡ್ತು ಇಲ್ಲ. ಹಾಕಿದ ಮದ್ದು ಹತ್ತಿತು ಎಂದು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಕೊನೆಗೆ ಭೂತಕಾಲದಲ್ಲಿ ಸ್ವಂತ ವಾಕ್ಯ ಕಟ್ಟಬೇಕು. ಅದಕ್ಕೆ ನಾನು ಇಡೀ ಬ್ಯಾಚಿಗೆ ಒಂದು ನಾಯಿ ಕೊಟ್ಟಿದ್ದೆ. ಮನುಷ್ಯರನ್ನು ಸಾಯಿಸಲು ಯಾರೂ ಒಪ್ಪದ ಕಾರಣ, ನನ್ನ ನಾಯಿ ಸತ್ತಿತು ಎಂಬ ವಾಕ್ಯವನ್ನು ಎಲ್ಲರಿಗೂ ಕಲಿಸಿದ್ದೆ. ದಾನೇಶ್ವರಿ ನಾಯಿಯ ಮಾತೆತ್ತಲಿಲ್ಲ. “ಮಿ ಮಾದ್ರೆ ಮುರಿಯೊ ಎಲ್ ದೊಮಿಂಗೊ” ಎಂದಳು. ನನ್ನ ತಾಯಿ ಭಾನುವಾರ ಸತ್ತಳು.

ಪರೀಕ್ಷಕಿ ಅದನ್ನು ಅಭಿನಯವೆಂದೇ ತಿಳಿದು, ನಮ್ಮ ಕರೆಗಳಲ್ಲಿ ಕೇಳುವ ಕ್ರಮದಲ್ಲೇ ಸಂತಾಪ ಹೇಳಿ, ವಯಸ್ಸೆಷ್ಟು, ಎಲ್ಲಿ, ಹೇಗೆ ಎಂದು ಕೇಳತೊಡಗಿದಳು. ಐವತ್ತೊಂದು ವರ್ಷ. ಮನೆಯ ಅಂಗಳದಲ್ಲಿ. ಎದೆನೋವು ಅಂದಳು, ಆಸ್ಪತ್ರೆಗೆ ಹೊರಡುವುದರೊಳಗೆ ಹೋದಳು. ಒಂದು ಕಾಲ ತಪ್ಪಲಿಲ್ಲ, ಒಂದು ಪ್ರತ್ಯಯ ತಪ್ಪಲಿಲ್ಲ. ಅಂಕದ ಆಸೆಗೆ ಹೆತ್ತವಳನ್ನೇ ಸಾಯಿಸುತ್ತಾಳಲ್ಲ, ಎಂಥ ಎದೆಗಾರ್ತಿ ಇವಳು ಎಂದುಕೊಂಡೆ. ಅಸ್ತು ದೇವತೆಗಳನ್ನು ನಾನು ನಂಬುವವಳಲ್ಲ. ಆದರೂ ಅವರು ಎಲ್ಲಾದರೂ ಕೇಳಿಸಿಕೊಂಡರೆ ಎಂದು ಹೆದರಿಕೆಯಾಯಿತು.

ಪರದೆ ಆರಿದ ಕೂಡಲೇ ಅವಳ ಹಿಂದೆ ಓಡಿದೆ. ಲಿಫ್ಟಿನ ಹತ್ತಿರ ತೋಳು ಹಿಡಿದು ತಿರುಗಿಸಿದೆ.

“ಬಿಡ್ತು ಅನ್ನು,” ಎಂದೆ. “ಪರೀಕ್ಷೆ ಮುಗೀತಲ್ಲ, ಮೊದಲು ಬಿಡ್ತು ಅನ್ನು. ನಾಯಿ ಕೊಟ್ಟಿರ್ಲಿಲ್ವಾ ನಿಂಗೆ? ತಾಯಿನೇ ಬೇಕಿತ್ತಾ?”

ಆ ಮಾತನ್ನು ಆರು ವಾರ ಅಟ್ಟಾಡಿಸಿದವಳು ನಾನು. ಈಗ ಅದನ್ನು ಹೇಳೆಂದು ಅವಳ ಕೈ ಹಿಡಿದು ಜಗ್ಗುತ್ತಿದ್ದವಳೂ ನಾನೇ.

ಅವಳು ನನ್ನನ್ನು ನೋಡಿದಳು. “ಏನಂತ ಅನ್ಲಿ ಮೇಡಂ? ಆಗಿ ಹೋತಲ್ರೀ.”

ನನ್ನ ತಲೆಗೆ ತಕ್ಷಣ ಹೋಗಲಿಲ್ಲ. ಏನು ಆಗಿ ಹೋಯಿತು ಎಂದು ದಡ್ಡಿಯ ಹಾಗೆ ಕೇಳಿದೆ.

“ಅವ್ವ. ಭಾನುವಾರ ಮುಂಜಾನೆ.”

ಭಾನುವಾರ. ಸೋಮವಾರ ರಜೆ, ಫೋನ್ ಆಫ್. ಮಂಗಳವಾರ ಆ ಚೀಲ. ಭಾನುವಾರ ಅವಳ ಸೋದರಮಾವ ಕರಿಬಸಪ್ಪ ಫೋನ್ ಮಾಡಿದರಂತೆ, ಸಿಕ್ಕ ಬಸ್ಸು ಹತ್ತಿ ಹೋದಳಂತೆ, ಇವಳು ಬರುವ ತನಕ ಕಾದು ಮಣ್ಣು ಮಾಡಿದರಂತೆ. ಸೋಮವಾರ ಸಂಜೆ ಹೊರಟು ಬಸ್ಸಿನಿಂದ ನೇರ ಕ್ಲಾಸಿಗೆ ಬಂದಳಂತೆ. ಅಂಥವಳನ್ನು ನಿಲ್ಲಿಸಿ ನಾನು ಏನು ಹೇಳಿಸಿದೆ? ಅವಳು ಸಾಯುತ್ತಾಳೆ, ಅವಳು ಸತ್ತಳು, ಅವಳು ಸಾಯುವಳು. ಹತ್ತು ಸಲ. ತಪ್ಪಿದ್ದಕ್ಕೆ ಮತ್ತೆ ಮೊದಲಿಂದ. ನನ್ನ ಬಾಯಿಗೆ ಹುಳ ಬೀಳಲಿ ಅನ್ನಿಸಿತು.

“ಯಾಕೆ ಹೇಳಲಿಲ್ಲ ಮಾರಾಯ್ತಿ?” ಎಂದೆ.

“ಹೇಳಾಕ ಬಾಯಿ ತೆಗೆದಿದ್ನಲ್ರೀ. ನೀವು ಕಾರಣ ಬ್ಯಾಡ ಅಂದ್ರಿ.”

ಅದರಲ್ಲಿ ಮೂದಲಿಕೆ ಇರಲಿಲ್ಲ, ನಡೆದಿದ್ದನ್ನು ಹೇಳಿದಳು ಅಷ್ಟೆ. ನಾನು ಬಯ್ಗುಳ ತಿಂದವಳಿಗಿಂತ ಹೆಚ್ಚು ಕುಗ್ಗಿಹೋದೆ. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ ಎಂದು ಅಮ್ಮ ನನಗೆ ಸಾವಿರ ಸಲ ಹೇಳಿರಬೇಕು. ಇಲ್ಲಿ ಕೊಯ್ದಿದ್ದು ಇನ್ನೊಬ್ಬಳ ಮೂಗು.

ಮಧ್ಯಾಹ್ನ ಫಲಿತಾಂಶದ ಮೇಲ್ ಬಂತು. ಹನ್ನೊಂದು ಜನರಲ್ಲಿ ಅವಳೇ ಮೊದಲು. ಕರೆ ಮಾಡಿದವರ ಪಾತ್ರವನ್ನು ಬಹಳ ಸಹಜವಾಗಿ ನಿಭಾಯಿಸುತ್ತಾಳೆ ಎಂದು ಪರೀಕ್ಷಕಿ ಬರೆದಿದ್ದಳು. ಕ್ಯಾಂಟೀನಿನಲ್ಲಿ ಒಬ್ಬಳೇ ಕೂತಿದ್ದ ಅವಳಿಗೆ ಪಾಸಾದ ವಿಷಯ ಹೇಳಿ, ಕೈಮುಗಿದು, ನನ್ನಿಂದ ದೊಡ್ಡ ತಪ್ಪಾಯಿತಮ್ಮ ಎಂದೆ. ಪಾಸು ಎಂದು ಕೇಳಿದಾಗ ಅವಳು ಉಸಿರು ಬಿಟ್ಟಿದ್ದು ಕಾಣಿಸಿತು. ಪರವಾಗಿಲ್ಲ ಬಿಡ್ರಿ ಎನ್ನುತ್ತಾಳೇನೋ ಎಂದು ಕಾದೆ. ನಾಚಿಕೆಗೆಟ್ಟ ಜೀವ, ಅಷ್ಟಾದರೂ ಬೇಕೆನಿಸಿತ್ತು.

“ಪರವಾಗಿಲ್ಲ ಅನ್ನಾಕ ನಂಗ ಬರಂಗಿಲ್ಲ ಮೇಡಂ,” ಎಂದಳು. “ಅವತ್ತು ಭಾಳ ಕೆಟ್ಟ ಅನಿಸ್ತು. ಆದ್ರ ಪಾಸಾದೆ, ಅದೂ ಖರೇನ.”

ಆಮೇಲೆ ಚೀಲದಿಂದ ರಜೆಯ ಫಾರಂ ತೆಗೆದು ನನ್ನ ಮುಂದಿಟ್ಟಳು. ಮುಂದಿನ ಬುಧವಾರ ಅವ್ವನ ಹನ್ನೊಂದನೆಯ ದಿನದ ಶಿವಗಣಾರಾಧನೆ, ಮೂರು ದಿನ ಬೇಕು. ಹೆಸರು, ತಾರೀಕು ಎಲ್ಲ ತುಂಬಿದ್ದಳು. ಒಂದು ಗೆರೆ ಮಾತ್ರ ಖಾಲಿ ಇತ್ತು. ಅದರ ಮೇಲೆ ಬೆರಳಿಟ್ಟು, “ಕಾರಣ ಬೇಕೇನ್ರಿ?” ಎಂದು ಕೇಳಿದಳು.

ಬೇಕು ಎಂದೆ. ಕುರ್ಚಿ ಎಳೆದುಕೊಂಡು ಅವಳ ಎದುರು ಕೂತೆ. ಭಾನುವಾರ ಮುಂಜಾನೆ ಫೋನ್ ಬಂದಲ್ಲಿಂದ ಅವಳು ಹೇಳತೊಡಗಿದಳು, ಅವ್ವ ಎಂದು ಎರಡನೆಯ ಸಲ ಹೇಳುವಾಗ ಅತ್ತಳು. ನಾನು ಬಾಯಿ ಮುಚ್ಚಿಕೊಂಡು ಪೂರ್ತಿ ಕೇಳಿದೆ.