ಕಂಪ್ಯೂಟರಿನ ತಲೆಯ ಮೇಲೊಂದು ನಿಂಬೆಹಣ್ಣು

ಆ ಕಲ್ಯಾಣಮಂಟಪದ ಆಫೀಸನ್ನು ನೆನೆದಾಗಲೆಲ್ಲ ನನಗೆ ಮೊದಲು ಕಾಣುವುದು ಕಂಪ್ಯೂಟರಿನ ತಲೆಯ ಮೇಲೆ ಕುಳಿತಿದ್ದ ನಿಂಬೆಹಣ್ಣು. ಮಾಲೀಕ ಗುರುಶಾಂತಪ್ಪನವರು ಕುಂಕುಮ ಹಚ್ಚಿ ಕೈಯಾರೆ ಇಟ್ಟದ್ದು ಅದು. ನನಗೆ ಅದನ್ನು ಕಂಡರೆ ಮೈ ಉರಿಯುತ್ತಿತ್ತು.

ಏಕೆಂದರೆ ಒಳಗಿದ್ದ ಪ್ರೋಗ್ರಾಂ ನನ್ನದು. ನಾನೊಬ್ಬನೇ ಕುಳಿತು ಬರೆದ ಮೊದಲನೆಯದು. ಮದುವೆಯ ದಿನ ಕಾದಿರಿಸಲೆಂದು ಪರದೆಯ ಮೇಲೆ ಹಸಿರು ಬಟನ್ನೊಂದನ್ನು ಇಟ್ಟಿದ್ದೆ. ಮೊದಲ ತಿಂಗಳು ಎಲ್ಲ ಸರಾಗ. ಆಮೇಲೆ ಶುರುವಾಯಿತು ಕಾಟ. ದಿನಕ್ಕೊಂದು ಹೊತ್ತಿನಲ್ಲಿ, ಬೀಗರ ಕಡೆಯವರು ಎದುರಿಗೆ ಕುಳಿತಿರುವಾಗಲೇ, ಪ್ರೋಗ್ರಾಂ ಪಟ್ಟನೆ ಮುಚ್ಚಿಕೊಳ್ಳುತ್ತಿತ್ತು. ಸಾಯುವ ಮುನ್ನ "ಬಟನ್ ಸಿಗಲಿಲ್ಲ" ಎಂದಷ್ಟೇ ಬರೆದು ಹೋಗುತ್ತಿತ್ತು. ಅವರು ಫೋನ್ ಮಾಡಿ, ನಾನು ಎರಡು ಬಸ್ಸು ಬದಲಿಸಿ ಬರುವಷ್ಟರಲ್ಲಿ ಬಟನ್ ಏನೂ ಅರಿಯದಂತೆ ತನ್ನ ಜಾಗದಲ್ಲೇ ಇರುತ್ತಿತ್ತು.

"ಇದು ರಾಹುಕಾಲದ ಕಾಟ ಕಣಪ್ಪ, ನಿನ್ ಕೈಲಿ ಆಗಲ್ಲ," ಎಂದರು ಗುರುಶಾಂತಪ್ಪನವರು. "ಶುಕ್ರವಾರಕ್ಕೆ ಸರಿಹೋಗ್ಲಿಲ್ಲ ಅಂದ್ರೆ ಈ ಪೆಟ್ಟಿಗೇನ ನೀನೇ ಹೊತ್ಕೊಂಡ್ ಹೋಗು. ನಮಗೆ ಹಳೇ ಡೈರೀನೇ ಸಾಕು."

"ಸಾರ್, ಕಂಪ್ಯೂಟರಿಗೆ ರಾಹೂನೂ ಗೊತ್ತಿಲ್ಲ, ಕೇತೂನೂ ಗೊತ್ತಿಲ್ಲ," ಎಂದೆ. ದೊಡ್ಡ ಮಾತೇ ಆಡಿದ್ದೆ.

ಶುಕ್ರವಾರ ಬೆಳಿಗ್ಗೆ ಎಂಟಕ್ಕೇ ಹೋಗಿ ಪರದೆಯ ಮುಂದೆ ಕುಳಿತೆ. ಹತ್ತೂವರೆಗೆ ಸರಿಯಾಗಿ, ನೋಡುನೋಡುತ್ತಿದ್ದಂತೆ, ಹಸಿರು ಬಟನ್ ಮಾಯವಾಯಿತು. ಮರುನಿಮಿಷವೇ ಪ್ರೋಗ್ರಾಂ ಮುಚ್ಚಿಕೊಂಡಿತು. ನಿಂಬೆಹಣ್ಣನ್ನು ನೋಡಿದೆ. ನಿಜ ಹೇಳುತ್ತೇನೆ, ಹೆದರಿದೆ.

ಪಕ್ಕದ ಮೇಜಿನಲ್ಲಿ ರಸೀದಿ ಬರೆಯುತ್ತಿದ್ದ ಗುಮಾಸ್ತೆ ಪಂಕಜಕ್ಕ ತಲೆ ಕೂಡ ಎತ್ತಲಿಲ್ಲ. "ರಾಹುಕಾಲ ಬಂತಲ್ಲ, ಬಟನ್ ಹೋಗೇ ಹೋಗುತ್ತೆ. ನೀವೇ ತಾನೆ ಹಾಗೆ ಮಾಡ್ಕೊಟ್ಟಿದ್ದು?"

"ನಾನಾ?"

"ಮೊದಲ್ನೇ ವಾರ ನಾನು ಕೇಳಿರ್ಲಿಲ್ವಾ? ಆ ಹೊತ್ತಲ್ಲಿ ಯಾರೂ ಮದುವೆ ದಿನ ಗೊತ್ತು ಮಾಡಲ್ಲ, ಬಟನ್ ಕಣ್ಣಿಗೆ ಬಿದ್ರೆ ಕೈ ಸುಮ್ನಿರಲ್ಲ, ತೆಗೆದ್ಬಿಡಿ ಅಂತ. ನೀವು ನಗಾಡ್ಕೊಂಡೇ ತೆಗೆದ್ಕೊಟ್ರಿ."

ಎಲ್ಲ ನೆನಪಾಯಿತು. ಗೋಡೆಯ ಕ್ಯಾಲೆಂಡರ್ ನೋಡಿ, ಯಾವ ವಾರ ಯಾವ ಹೊತ್ತು ಎಂದು ಪಟ್ಟಿ ಮಾಡಿ, ಆ ಒಂದೂವರೆ ಗಂಟೆ ಬಟನ್ನನ್ನೇ ಕಿತ್ತುಹಾಕುವಂತೆ ಬರೆದವನು ನಾನೇ. ತಿಂಗಳ ಮೇಲೆ, ನಿಮಿಷಕ್ಕೊಮ್ಮೆ ಅದೇ ಬಟನ್ನನ್ನು ಹುಡುಕಿ ಅದರ ಮೇಲೆ ಖಾಲಿ ದಿನಗಳ ಸಂಖ್ಯೆ ಬರೆಯುವಂತೆ ಹೇಳಿದವನೂ ನಾನೇ. ಕಿತ್ತುಹಾಕಿದ ಬಟನ್ನನ್ನು ಹುಡುಕಿ, ಸಿಗದೆ, ಪ್ರೋಗ್ರಾಂ ಸಾಯುತ್ತಿತ್ತು. ಪಂಕಜಕ್ಕನನ್ನು ಮಾತ್ರ ಯಾರೂ ಒಂದು ಮಾತು ಕೇಳಿರಲಿಲ್ಲ.

ಮದ್ದು ಒಂದೇ ಸಾಲಿನದು: ಬಟನ್ ಇದೆಯೇ ಎಂದು ಮೊದಲು ಕೇಳು, ಇದ್ದರೆ ಮಾತ್ರ ಮುಟ್ಟು. ಹನ್ನೊಂದೂವರೆ ದಾಟಿತು, ಪ್ರೋಗ್ರಾಂ ಜಗ್ಗಲಿಲ್ಲ.

ಗುರುಶಾಂತಪ್ಪನವರ ಮುಂದೆ ನಿಂತು, ಕಿವಿ ಬಿಸಿಯಾಗುತ್ತಿದ್ದರೂ, ಎಲ್ಲವನ್ನೂ ಒಪ್ಪಿಕೊಂಡೆ. ಅವರು ಶಾಂತವಾಗಿ ಕೇಳಿಸಿಕೊಂಡರು.

"ಅಂದ್ರೆ, ರಾಹುಕಾಲದಲ್ಲೇ ನಿಂತ್ಹೋಗ್ತಿತ್ತು ಅನ್ನು."

"ಹೌದು ಸಾರ್, ಆದರೆ..."

"ನಾನ್ ಹೇಳಿದ್ದೂ ಅದನ್ನೇ ಅಲ್ವೇನಪ್ಪ?" ಎಂದು ಎದ್ದರು. "ಇರ್ಲಿ ಬಿಡು, ಪೆಟ್ಟಿಗೆ ಇಲ್ಲೇ ಇರ್ಲಿ. ಊಟ ಮಾಡ್ಕೊಂಡ್ ಹೋಗು."

ಅವರು ಹೋದ ಮೇಲೆ ನಿಂಬೆಹಣ್ಣನ್ನು ಎಸೆದುಬಿಡೋಣವೆಂದು ಕೈ ಚಾಚಿದೆ. ಗಡಿಯಾರ ಕಣ್ಣಿಗೆ ಬಿತ್ತು. ಹನ್ನೆರಡಾಗಲು ಇನ್ನೂ ಹತ್ತು ನಿಮಿಷವಿತ್ತು. ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡು, ಹಸಿರು ಬಟನ್ ಬರುವುದನ್ನೇ ಕಾಯುತ್ತ ಕುಳಿತೆ.