ಕರಡಿ ಅಗೆದ ಗುಂಡಿ

"ನಿನ್ನ ಮೂಗೇನು ನೆಗಡಿ ಬಂದು ಕಟ್ಟಿದೆಯೇನೋ ಬೋಳಿಮಗನೆ? ಮೂರು ದಿನದಿಂದ ಬರೀ ಲದ್ದಿ ತೋರಿಸ್ತಿದೀಯ!"

ಗೈಡು ಬೈದದ್ದು ನನಗೆ. ಕಾಡು ನೋಡಲು ಬಂದ ನಾಲ್ವರು ಅತಿಥಿಗಳೂ ಕೇಳಿಸಿಕೊಂಡು ನಕ್ಕರು. ಅವರ ಗುಡಾರ ಹೊತ್ತು ಮುಂದೆ ನಡೆಯುವುದು, ಮುರಿದ ಕಡ್ಡಿ, ಹಸಿ ಹೆಜ್ಜೆ ನೋಡಿ ಪ್ರಾಣಿ ಎತ್ತ ಹೋಯಿತೆಂದು ಹೇಳುವುದು ನನ್ನ ಕೆಲಸ. ನಾಲ್ಕು ದಿನದ ನಡಿಗೆಯಲ್ಲಿ ಮೂರು ಮುಗಿದರೂ ಜಿಂಕೆಯೊಂದರ ಬಾಲ ಬಿಟ್ಟು ಬೇರೇನೂ ಕಂಡಿರಲಿಲ್ಲ. ಇಷ್ಟು ಗುಲ್ಲೆಬ್ಬಿಸಿಕೊಂಡು ಬಂದರೆ ಯಾವ ಪ್ರಾಣಿ ನಮಗಾಗಿ ಕಾದು ಕೂತಿರುತ್ತದೆ?

"ಇವತ್ತು ಏನಾದ್ರೂ ತೋರಿಸ್ಲಿಲ್ಲ ಅಂದ್ರೆ ಇನ್ಮೇಲೆ ಈ ಕಡೆ ತಲೆ ಹಾಕ್ಬೇಡ," ಎಂದ.

ಹಳ್ಳದ ದಂಡೆಯಲ್ಲಿ ಹೊಸದಾಗಿ ಅಗೆದ ಗುಂಡಿಯೊಂದು ಕಂಡಿತು. ಕರಡಿ ಅಗೆದರೆ ಮಣ್ಣು ಚೆಲ್ಲಾಪಿಲ್ಲಿಯಾಗುತ್ತದೆ. ಇಲ್ಲಿ ಮಣ್ಣು ಒಂದೇ ಪಕ್ಕಕ್ಕೆ ಗುಡ್ಡೆಯಾಗಿತ್ತು, ಬಳ್ಳಿಯ ಬುಡ ಹಾಗೇ ಉಳಿದಿತ್ತು. ಮತ್ತೆ ಚಿಗುರಲಿ ಎಂದು ಬುಡ ಬಿಟ್ಟು ಗೆಡ್ಡೆ ಕೀಳುವವಳು ಅವ್ವ. ಗುಂಡಿ ನೋಡಿ ಅಗೆದವರಾರೆಂದು ತಿಳಿಯುವುದನ್ನು ನನಗೆ ಕಲಿಸಿದವಳೂ ಅವಳೇ. ಕಾಡಿನಲ್ಲಿ ಗೆಡ್ಡೆ ಅಗೆಯಬಾರದೆಂದು ಹುಕುಂ ಆಗಿ ಐದು ವರ್ಷವಾಗಿತ್ತು. ಅವ್ವ ಎರಡು ಸಲ ಸಿಕ್ಕಿಬಿದ್ದಿದ್ದಳು. ಇನ್ನೊಮ್ಮೆ ಸಿಕ್ಕರೆ ಗುಡಿಸಲು ಕಿತ್ತು ಓಡಿಸುತ್ತೇವೆಂದು ಅರಣ್ಯ ಅಧಿಕಾರಿ ಹೇಳಿದ್ದ.

"ಕರಡಿ ಸಾರ್," ಎಂದೆ. "ಈಗಷ್ಟೇ ಹೋಗಿದೆ."

ನಮ್ಮ ಗದ್ದಲಕ್ಕೆ ಅವ್ವ ಆಗಲೇ ಜಾಗ ಖಾಲಿ ಮಾಡಿರುತ್ತಾಳೆ, ಇವರು ಒಂದು ಗಂಟೆ ಕರಡಿಯ ಕನಸು ಕಾಣಲಿ ಎಂದುಕೊಂಡಿದ್ದೆ. ಅವಳ ಕಿವಿ ಮಂದವಾಗಿದ್ದು ನೆನಪಾಗಲಿಲ್ಲ. ಮಗನಾದವನಿಗೆ ಅಷ್ಟಾದರೂ ನೆನಪಿರಬೇಕಿತ್ತು.

ಮುಂದಿನ ಪೊದೆ ಅಲುಗಿತು. ಕ್ಯಾಮೆರಾಗಳು ಪಟಪಟ ಸದ್ದು ಮಾಡಿದವು. ಪೊದೆಯ ಆಚೆ ಅವ್ವ ಮಂಡಿಯೂರಿ, ಇನ್ನೊಂದು ಗುಂಡಿಯೊಳಗೆ ಮೊಣಕೈಮಟ್ಟ ಕೈ ಹಾಕಿದ್ದಳು.

"ಥೂ, ಮುದುಕಿ!" ಎಂದ ಗೈಡು. ಅತಿಥಿಗಳಲ್ಲಿ ಒಬ್ಬಾಕೆ ಹೊಟ್ಟೆ ಹಿಡಿದುಕೊಂಡು ನಕ್ಕಳು.

ಗೈಡು ಅವ್ವನ ಚೀಲ ಕಸಿದು ಬುಡಮೇಲು ಮಾಡಿದ. "ಕಳ್ಳ ಮುಂಡೆ, ಯಾವ ಗುಡಿಸ್ಲು ನಿಂದು?" ಎಂದು ಅವಳ ಕಿವಿಯ ಹತ್ತಿರವೇ ಕಿರುಚಿದ. ನನ್ನ ಕಡೆ ತಿರುಗಿದ. "ಇವಳು ಗೊತ್ತೇನೋ ನಿಂಗೆ?"

"ಗೊತ್ತಿಲ್ಲ ಸಾರ್," ಎಂದು ತಲೆ ಅಲ್ಲಾಡಿಸಿದೆ.

ಎಷ್ಟು ಸಲೀಸಾಗಿ ಬಂತು ಬಾಯಿಂದ! ಇಂದಿಗೂ ನೆನೆದರೆ ನಾಚಿಕೆಯಿಂದ ಸತ್ತುಹೋಗಬೇಕೆನಿಸುತ್ತದೆ. ಅವ್ವ ನನ್ನ ಮುಖ ನೋಡಿದಳು, ಕೂಡಲೇ ಕಣ್ಣು ಬೇರೆಡೆ ಹೊರಳಿಸಿದಳು.

"ಇವನ್ಯಾರೋ ನಂಗೂ ಗೊತ್ತಿಲ್ಲ ಸ್ವಾಮಿ. ನಂಗ್ಯಾರೂ ಇಲ್ಲ. ಗುಡ್ಸಲೂ ಇಲ್ಲ."

"ಬಿಟ್ಬಿಡಿ ಪಾಪ," ಎಂದಳು ಆ ನಕ್ಕವಳು. "ಆದ್ರೆ ಇನ್ನೊಂದ್ಸಲ ಹಾಗೇ ಅಗೀಲಿ. ತಲೆ ಗುಂಡಿ ಒಳಗಿರ್ಲಿ. ಫೋಟೋ ಚೆನ್ನಾಗಿ ಬರುತ್ತೆ."

ಗೈಡು ಕೈಸನ್ನೆ ಮಾಡಿದ. ಅವ್ವ ಮತ್ತೆ ಮಂಡಿಯೂರಿ ತಲೆ ಬಗ್ಗಿಸಿದಳು. ಇನ್ನೂ ಕೆಳಗೆ ಎಂದು ತೋರಿಸಿದರು, ಬಗ್ಗಿದಳು. "ಕರಡಿ ಥರ ಕೂಗೋಕೆ ಹೇಳಿ," ಎಂದ ಇನ್ನೊಬ್ಬ. ಅವ್ವನಿಗೆ ಕೇಳಿಸಲಿಲ್ಲ. ಗೈಡು ಬೂಟಿನ ತುದಿಯಿಂದ ಅವಳ ಸೊಂಟಕ್ಕೆ ತಿವಿದ.

ಗುಡಾರದ ಹೊರೆಯನ್ನು ಹಳ್ಳಕ್ಕೆ ಎಸೆದೆ. ಗೈಡಿನ ಕಾಲರ್ ಹಿಡಿದು ನೂಕಿದೆ. ಹೋಗಿ ಕೆಸರಿನಲ್ಲಿ ಕುಕ್ಕರಿಸಿದ.

"ನನ್ನವ್ವ ಕಣೋ ಅವಳು, ಸೂಳೆಮಗನೆ! ನನ್ನ ಹೆತ್ತವಳು! ತೆಗೀರಿ ಫೋಟೋ, ನಂದೂ ತೆಗೀರಿ!"

ಯಾರೂ ತೆಗೆಯಲಿಲ್ಲ. ಗೈಡು ಕೂತಲ್ಲಿಂದಲೇ ವಾಕಿಟಾಕಿ ಬಾಯಿಗೆ ಹಿಡಿದು ಅರಣ್ಯ ಕಚೇರಿಗೆ ನನ್ನ ಹೆಸರು, ನಮ್ಮ ಗುಡಿಸಲು ಇರುವ ಜಾಗ ಹೇಳತೊಡಗಿದ.

ಅವ್ವ ಎದ್ದು ಬಂದು ಮಣ್ಣುಗೈಯಲ್ಲೇ ನನ್ನ ಕೆನ್ನೆಗೆ ಬಾರಿಸಿದಳು.

"ಗೊತ್ತಿಲ್ಲ ಅಂದಿದ್ನಲ್ಲೋ ನಾನು! ಇನ್ನೊಂದು ಗಳಿಗೆ ಬಗ್ಗಿರ್ತಿದ್ದೆ, ಹೋಗ್ತಿದ್ರು. ಈಗ ಎಲ್ಲಿ ಮಲಗೋದೋ?"