ಪಟ್ಟಿಗೆ ಕಟ್ಟಿದ ಹಗ್ಗ

"ಸಾಬ್, ಯೇ ರಸ್ಸಿ ಕಿಸ್ಕಿ ಹೈ?"

ಮೇಲಿನ ಮಹಡಿಯಲ್ಲಿದ್ದ ಚಂದ್ರಕಾಂತನ ಮನೆಯ ಬಾಲ್ಕನಿಯ ಹೊರಗೆ, ಹಗ್ಗದಲ್ಲಿ ಇಳಿಬಿಟ್ಟ ಹಲಗೆಯ ಮೇಲೆ ಕೂತಿದ್ದ ಮಿಸ್ತ್ರಿ ಒಂದು ನೂಲುಹಗ್ಗ ಎತ್ತಿ ತೋರಿಸಿದ. ಅದು ಯಾರದೆಂದು ಅವನಿಗೆ ನೋಡಿದ ಕೂಡಲೇ ಗೊತ್ತಾಯಿತು. ಸಚಿವಾಲಯದಲ್ಲಿ ಜಾರಿಕೆಯ ಉತ್ತರ ಬರೆದು ಪಳಗಿದ ಮನುಷ್ಯ. "ಪತಾ ನಹೀಂ ಭಯ್ಯಾ" ಎಂದು ಗೊತ್ತಿಲ್ಲದವನಂತೆ ಹೇಳಿಬಿಟ್ಟ.

ಹಿಂದಿನ ಸಂಜೆಯ ಧೂಳುಬಿರುಗಾಳಿಗೆ, ಸಿಡಿಲನ್ನು ನೆಲಕ್ಕಿಳಿಸುವ ತಾಮ್ರದ ಪಟ್ಟಿ ಗೋಡೆಯಿಂದ ಕಿತ್ತುಬಂದು ಕೆಳಗಿನ ಫ್ಲ್ಯಾಟಿನ ಕಿಟಕಿಯ ಗಾಜು ಪುಡಿ ಮಾಡಿತ್ತು. ಅದನ್ನು ಹಿಡಿದಿಟ್ಟಿದ್ದ ಕ್ಲಾಂಪುಗಳು ಗಾಳಿಗಲ್ಲ, ದಿನಾ ಯಾರೋ ಜಗ್ಗಿದ್ದಕ್ಕೆ ಸಡಿಲಾಗಿವೆ ಎಂಬುದು ಮಿಸ್ತ್ರಿಯ ವಾದ. ದಿಲ್ಲಿಯಂಚಿನ ಇಂದಿರಾಪುರಂನ ಆ ಅಪಾರ್ಟ್‌ಮೆಂಟ್ ಸೊಸೈಟಿಯವರು ತಪ್ಪನ್ನು ಟಿವಿ ಡಿಶ್ ಕೂರಿಸಲು ಬಂದಿದ್ದವನ ತಲೆಗೆ ಕಟ್ಟಿ ನಿರಾಳವಾಗಿದ್ದರು.

ಜಗ್ಗಿದ್ದು ಚಂದ್ರಕಾಂತನ ತಾಯಿ ಗಿರಿಜಮ್ಮನ ಮಡಿಸೀರೆ. ಯಾರೂ ಮುಟ್ಟದ ಕಡೆ ಒಣಗಬೇಕಾದ ಸೀರೆ ಅದು. ಈ ಗೂಡಿನಂಥ ಮನೆಯಲ್ಲಿ ಎಲ್ಲಿ ಹರವಿದರೂ ಯಾರದಾದರೂ ತಲೆ ತಾಗುತ್ತಿತ್ತು. ಕೊನೆಗೆ ಬಾಲ್ಕನಿಯ ಪಕ್ಕದಲ್ಲೇ ಇಳಿದಿದ್ದ ಪಟ್ಟಿಗೂ ಕಂಬಿಗೂ ಹಗ್ಗ ಬಿಗಿದು, ಕೋಲಿನಿಂದ ಸೀರೆಯನ್ನು ಆಚೆ ನೂಕಿ, ದಿಲ್ಲಿಯ ಮೈಲಿಗೆಯೆಲ್ಲ ಎಟುಕದಂತೆ ಮಾಡಿಕೊಂಡಿದ್ದರು. ಅದನ್ನುಡದೆ ಅವರು ಒಲೆ ಮುಟ್ಟುವವರಲ್ಲ, ಊಟ ಮಾಡುವವರಲ್ಲ. ಮಗನ ಮನೆಯಲ್ಲಿ ತನ್ನದೆಂದು ಅವರಿಗಿದ್ದದ್ದು ಅದೊಂದೇ. ಹಗ್ಗ ಬಿಚ್ಚು ಎನ್ನಲು ಚಂದ್ರಕಾಂತನಿಗೆ ಬಾಯಿ ಬರಲಿಲ್ಲ.

ಅಷ್ಟರಲ್ಲಿ ಗಿರಿಜಮ್ಮನೇ ಬಾಲ್ಕನಿಗೆ ಬಂದರು. ಹೊಸ ತೂತು ಕೊರೆಯಲು ಮಿಸ್ತ್ರಿ ಗೋಡೆಯತ್ತ ವಾಲಿದ. ಹಲಗೆ ಓರೆಯಾಗಿ ಅವನ ಒಂದು ಚಪ್ಪಲಿ ಜಾರಿತು. ಅದು ನೆಲ ಮುಟ್ಟಿದ ಸದ್ದು ಮೇಲಕ್ಕೆ ಕೇಳಿಸಲೇ ಇಲ್ಲ. ಅವನು ನಕ್ಕು ಮತ್ತೆ ಕೊರೆಯತೊಡಗಿದ.

"ಅಯ್ಯೋ, ನನ್ನ ಸೀರೆಗೋಸ್ಕರ ಇವನು ಹೀಗೆ ನೇತಾಡಬೇಕೇನೋ?"

"ಮೆಲ್ಲಗೆ ಅಮ್ಮ. ಅವನಿಗೆ ಗೊತ್ತಿಲ್ಲ."

"ಗೊತ್ತಿಲ್ಲದಿದ್ರೆ ಹೇಳು. ನಿಂಗೆ ಹಿಂದಿ ಬರತ್ತಲ್ಲ."

ಮಗ ಮುಖ ಆಚೆ ತಿರುಗಿಸಿದ. ಗಿರಿಜಮ್ಮ ಹಗ್ಗದತ್ತ ಬೆರಳು ತೋರಿಸಿ, ಅದೇ ಬೆರಳನ್ನು ತಮ್ಮ ಎದೆಗೆ ತಾಗಿಸಿ "ಮೇರಾ" ಎಂದರು. ದಿಲ್ಲಿಗೆ ಬಂದ ಮೇಲೆ ಅವರು ಆಡಿದ ಮೊದಲ ಹಿಂದಿ ಮಾತು ಅದು.

"ಕೋಯಿ ಬಾತ್ ನಹೀಂ, ಮಾಜೀ" ಎಂದು ಮಿಸ್ತ್ರಿ ಪರವಾಗಿಲ್ಲವೆಂಬಂತೆ ತಲೆಯಾಡಿಸಿ, ಗಂಟು ಬಿಚ್ಚಿ ಹಗ್ಗವನ್ನು ಒಳಗೆಸೆದ. ಪಟ್ಟಿಯನ್ನು ಗೋಡೆಗೆ ಒತ್ತಿ ಕ್ಲಾಂಪು ಬಿಗಿದ. ಚಂದ್ರಕಾಂತನಿಗೆ ನಾಚಿಕೆಯಾಯಿತು.

ಮರುದಿನ ಬೆಳಿಗ್ಗೆ ಗಿರಿಜಮ್ಮ ಹಿಂಡಿದ ಸೀರೆ ಹಿಡಿದು ಹಾಲ್‌ನ ನಡುವೆ, ಎಲ್ಲಿ ಹರವುವುದೆಂದು ತೋಚದೆ ನಿಂತಿದ್ದರು. ಆಫೀಸಿಗೆ ಹೊರಟ ಸೊಸೆ ರತ್ನಪ್ರಭಾ, ಎಂದಿನಂತೆ ಮೈ ತಾಗದ ಹಾಗೆ ಗೋಡೆಗೊತ್ತಿಕೊಂಡು ದಾಟಿದಳು.

"ರತ್ನಾ, ಈ ತುದಿ ಹಿಡ್ಕೋ."

"ಅತ್ತೆ, ನಾನು ಮಡೀಲಿಲ್ಲ..."

"ಗೊತ್ತು. ಹಿಡ್ಕೋ."

ರತ್ನಪ್ರಭಾ ಬ್ಯಾಗು ಕೆಳಗಿಟ್ಟಳು. ಅತ್ತೆ ಒಂದು ಗೋಡೆಯವರೆಗೆ, ಸೊಸೆ ಎದುರು ಗೋಡೆಯವರೆಗೆ ಹಿಂದೆ ಸರಿದರು. ಫ್ಯಾನಿನ ಕೆಳಗೆ ಸೀರೆ ಉಬ್ಬಿ ಇಳಿಯುತ್ತಿತ್ತು. ರಸ್ತೆಯಲ್ಲಿ ರತ್ನಪ್ರಭಾಳನ್ನು ಆಫೀಸಿಗೊಯ್ಯುವ ಚಾರ್ಟರ್ಡ್ ಬಸ್ಸು ಹಾರನ್ ಹೊಡೆಯಿತು, ಮತ್ತೊಮ್ಮೆ ಹೊಡೆಯಿತು. ಇಬ್ಬರೂ ತುದಿ ಬಿಡಲಿಲ್ಲ.